ಮನೆಯಲ್ಲೇ ಹೊಯ್ದ ಸ್ಟೆಪ್ಪಿಂಗ್ ಸ್ಟೋನ್ ಎರಡು ಹೋಳು! ಎಲ್ಲಿ ತಪ್ಪಾಯ್ತು?

ಹಿತ್ತಲಹುಚ್ಚು:
ತಲೆ ಕೆಟ್ಟುಹೋಗಿದೆ. ಹೋದ ನವೆಂಬರ್‌ನಲ್ಲಿ ಹಿತ್ತಲ ದಾರಿಗೆ 14 ಕಲ್ಲು ನಾನೇ ಮಾಡಿ ಹಾಕಿದ್ದೆ. ಅಚ್ಚಿಗೆ ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್. ಸಿಮೆಂಟ್, ಮರಳು, ಜಲ್ಲಿ 1:2:3 ಮಿಕ್ಸ್, ಒಳ್ಳೆ ಸಿಮೆಂಟ್. ಈಗ ಏಪ್ರಿಲ್. ಐದು ಕಲ್ಲು ಸರಿಯಾಗಿ ನಡುವೆ ಒಡೆದಿವೆ. ಉಳಿದವು ಕಾಲಿಟ್ಟರೆ ಟಕ್ ಟಕ್ ಅನ್ನುತ್ತವೆ. ಮೊನ್ನೆ ಅಮ್ಮ ಮಲ್ಲಿಗೆ ಮೊಗ್ಗು ಬಿಡಿಸಲು ಹೋಗಿ ಮುಗ್ಗರಿಸಿದರು. ಬೀಳಲಿಲ್ಲ, ಆದರೆ ಅವತ್ತಿನಿಂದ ಮನೆಯಲ್ಲಿ ನನ್ನ ಕಲ್ಲಿನದೇ ಮಾತು. ಸೊಂಟ ಮುರಿದುಕೊಂಡು ಮಾಡಿದ್ದು ರೀ. ಏನಾದರೂ ಹೇಳಿ.

ಗಾರೆಕೈ:
ಕ್ಯೂರಿಂಗ್. ಬೇರೆ ಯೋಚನೆಯೇ ಬೇಡ. ಎಷ್ಟು ದಿನ ನೀರು ಹಾಕಿದಿರಿ?

ಹಿತ್ತಲಹುಚ್ಚು:
ಏಳು ದಿನ. ಒದ್ದೆ ಗೋಣಿಚೀಲ ಹೊದಿಸಿ, ದಿನಕ್ಕೆ ಮೂರು ಸಲ.

ಗಾರೆಕೈ:
ಅಲ್ಲೇ ತಪ್ಪಿದ್ದು. ಸಿಮೆಂಟ್ ಓಪಿಸಿನಾ, ಪಿಪಿಸಿನಾ? ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಸಾದಾ ಸಿಮೆಂಟ್ ಓಪಿಸಿಗೆ ಕನಿಷ್ಠ 7 ದಿನ. ಹಾರುಬೂದಿ ಬೆರೆಸಿದ ಪಿಪಿಸಿಗೆ 10. ಚೀಲದ ಮೇಲೆ ಬರೆದಿರುತ್ತದೆ, ನೋಡಿ.

ಹಿತ್ತಲಹುಚ್ಚು:
ಚೀಲ ಯಾವತ್ತೋ ಕಸಕ್ಕೆ ಹೋಯಿತು.

ಮರಳುಮಾತು:
ಮರಳು ಯಾವುದು ಅಂತ ಒಬ್ಬರೂ ಕೇಳಲಿಲ್ಲ ಅಲ್ವಾ?

ಹಿತ್ತಲಹುಚ್ಚು:
ಗೋಡೆ ಪ್ಲಾಸ್ಟರಿಂಗ್‌ಗೆ ತಂದದ್ದು ಉಳಿದಿತ್ತು. ಎಂ ಸ್ಯಾಂಡೇ ಇರಬೇಕು, ಅದೇ ಕಲ್ಲು ಪುಡಿ ಮಾಡಿದ ಮರಳು.

ಮರಳುಮಾತು:
ಅದು ಪಿ ಸ್ಯಾಂಡ್ ಸ್ವಾಮಿ, ಪ್ಲಾಸ್ಟರಿಂಗ್‌ಗೆ ಅಂತಲೇ ಮಾಡಿದ ಮರಳು! ನುಣುಪು ಜಾಸ್ತಿ. ಹದಕ್ಕೆ ಬರಲು ನೀರು ಕುಡಿಯುತ್ತದೆ, ಒಣಗುವಾಗ ಕುಗ್ಗುತ್ತದೆ. ಹೊಳೆ ಮರಳಾಗಿದ್ದರೆ ಈ ಗೋಳೇ ಇಲ್ಲ.

ಗಾರೆಕೈ:
ಹೊಳೆ ಮರಳು ಹೊಳೆಯಲ್ಲೇ ಇರಲಿ ಮಾರಾಯ್ರೇ. ಪಿ ಸ್ಯಾಂಡಿಗೆ ಮೇಲ್ಮೈಯಲ್ಲಿ ಕೂದಲೆಳೆ ಬಿರುಕು ಬರಬಹುದು, ಕಲ್ಲು ಹೋಳಾಗುವುದಿಲ್ಲ. ಇದು ಕ್ಯೂರಿಂಗೇ.

ಮರಳುಮಾತು:
ನಿಮಗೆ ಜ್ವರ ಬಂದರೂ ಕ್ಯೂರಿಂಗ್ ಸರಿಯಾಗಿಲ್ಲ ಅನ್ನುತ್ತೀರಿ.

ದೇವನಹಳ್ಳಿ_ಚಪ್ಪಡಿ:
ಈ ಎರಕದ ಗೋಜೇ ಬೇಡ. ನಾನು ಸಾದರಹಳ್ಳಿ ಗ್ರಾನೈಟ್ ಹಾಕಿಸಿದೆ. ಮೂರು ಇಂಚು ದಪ್ಪ, ಮೇಲೆ ಉಳಿ ಹೊಡೆಸಿದ್ದು, ಮಳೆಯಲ್ಲೂ ಜಾರಲ್ಲ. ನಡುವೆ ಮೆಕ್ಸಿಕನ್ ಹುಲ್ಲು, ಪಕ್ಕದಲ್ಲಿ ಸೋಲಾರ್ ದೀಪ. ಆರು ವರ್ಷ ಆಯ್ತು, ಒಂದೂ ಅಲ್ಲಾಡಿಲ್ಲ. ಫೋಟೋ ಹಾಕಲಾ?

ಹಿತ್ತಲಹುಚ್ಚು:
ಸರ್, ಕಾಸು ಉಳಿಸೋಣ ಅಂತಲೇ ನಾನು ಟಬ್ ಹಿಡಿದದ್ದು.

ಎರೆಹೊಲ:
ಒಂದು ಮಾತು. ಊರು ಯಾವುದು? ನೆಲ ಎಂಥದ್ದು?

ಹಿತ್ತಲಹುಚ್ಚು:
ನವಲಗುಂದ. ನೆಲ ನಮ್ಮ ಕಡೆ ಎಲ್ಲರದೂ ಒಂದೇ, ಕಪ್ಪು ಮಣ್ಣು. ಬೇಸಿಗೆಯಲ್ಲವಾ, ಬಾಯಿ ಬಿಟ್ಟಿದೆ. ಕಲ್ಲಿನ ಅಂಚಿನ ಅಡಿಗೆ ಬೆರಳು ಹೋಗುತ್ತದೆ. ಯಾಕೆ, ಅದು ಮುಖ್ಯವಾ?

ಎರೆಹೊಲ:
ಇದನ್ನು ಮೊದಲೇ ಹೇಳಬಾರದಾ ಸರ! ಎರೆ ನೆಲ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನವೆಂಬರ್‌ನಲ್ಲಿ ಹಿಂಗಾರಿನ ಹಸಿ ಇತ್ತು, ಉಬ್ಬಿದ್ದ ನೆಲದ ಮೇಲೆ ಕಲ್ಲು ಇಟ್ಟಿರಿ. ಈಗ ಅಂಚಿನ ಮಣ್ಣು ಒಣಗಿ ಇಳಿದಿದೆ. ಕಲ್ಲಿನ ನಡುವಿನ ಅಡಿಯಲ್ಲಿ ತೇವ ಉಳಿದು ದಿಬ್ಬವಾಗಿದೆ. ಕಲ್ಲು ಏತದ ಹಾಗೆ ಕೂತಿದೆ. ಅಂಚಿಗೆ ಕಾಲಿಟ್ಟರೆ ಲಟಕ್. ದಪ್ಪ ಎಷ್ಟು? ಅಡಿಗೆ ಏನು ಹಾಕಿದ್ದೀರಿ?

ಹಿತ್ತಲಹುಚ್ಚು:
ದಪ್ಪ ಒಂದೂವರೆ ಇಂಚು, ಅಗಲ 15. ಅಡಿಗೆ ಏನೂ ಇಲ್ಲ. ಹುಲ್ಲು ಕೆತ್ತಿ ಸುಮ್ನೆ ಇಟ್ಟೆ.

ಎರೆಹೊಲ:
ಹಾಗಿದ್ದರೆ ಗ್ರಾನೈಟ್ ಹಾಕಿದ್ದರೂ ಅಲ್ಲಾಡುತ್ತಿತ್ತು. ಕೆಂಪು ಮಣ್ಣಿನ ಮೇಲೆ ಕೂತವರಿಗೆ ನಮ್ಮ ಗೋಳು ತಿಳಿಯಲ್ಲ. ಕಲ್ಲು ಎಲ್ಲ ಎತ್ತಿ. ಒಂದಡಿ ಎರೆ ತೆಗೆದು ಗರಸು (ಹರಳು ಬೆರೆತ ಒರಟು ಮಣ್ಣು) ತುಂಬಿ. ಒಟ್ಟಿಗೆ ಸುರಿಯಬೇಡಿ. ನಾಲ್ಕು ಇಂಚು ಹಾಕಿ, ನೀರು ಚಿಮುಕಿಸಿ, ಗುದ್ದಿ ಗಟ್ಟಿ ಮಾಡಿ, ಆಮೇಲೆ ಮುಂದಿನ ನಾಲ್ಕು. ಮೇಲೆ ಒಂದಿಂಚು ಕ್ರಷರ್ ಡಸ್ಟ್ (ಜಲ್ಲಿ ಒಡೆಯುವಾಗ ಸಿಗುವ ಪುಡಿ), ಅದರ ಮೇಲೆ ಕಲ್ಲು. ಬರೀ ಮರಳು ತುಂಬಿದರೆ ನೀರು ಎರೆಯೊಳಗೆ ಬೇಗ ಇಂಗಲ್ಲ, ಗುಂಡಿ ಬಾನಿಯಾಗುತ್ತದೆ. ಅದಕ್ಕೇ ಕಲ್ಲಿಗೊಂದು ಗುಂಡಿ ಬೇಡ, ಉದ್ದಕ್ಕೂ ಒಂದೇ ಕಾಲುವೆ ತೋಡಿ, ಒಂದು ಕಡೆಗೆ ಇಳಿಜಾರು ಕೊಡಿ. ಹೊಸ ಕಲ್ಲು ಎರಡೂವರೆ ಇಂಚು ದಪ್ಪ ಇರಲಿ. ಇಷ್ಟು ಮಾಡಿದರೂ ಎರೆ ಸ್ವಲ್ಪ ಆಡುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಎತ್ತಿ ಕೂರಿಸುವುದು ಇದ್ದದ್ದೇ.

ಗಾರೆಕೈ:
ಒಪ್ಪಿದೆ. ಆದರೆ ಹೊಸದಕ್ಕೆ ಹತ್ತು ದಿನ ಕ್ಯೂರಿಂಗ್.

ಮೊಗ್ಗಿನಜಡೆ:
ಕಲ್ಲಿನಿಂದ ಕಲ್ಲಿಗೆ ಅಂತರ ಎಷ್ಟು? ಅಮ್ಮ ಮುಗ್ಗರಿಸಿದ್ದು ಅದಕ್ಕೂ ಇರಬಹುದು. ಗಂಡಸರು ತಮ್ಮ ಹೆಜ್ಜೆ ಅಳೆದು ಇಟ್ಟುಬಿಡುತ್ತಾರೆ.

ಹಿತ್ತಲಹುಚ್ಚು:
ಸಿಕ್ಕಿಬಿದ್ದೆ ಮೇಡಂ. ನಡುವಿನಿಂದ ನಡುವಿಗೆ ಎರಡೂವರೆ ಅಡಿ, ನನ್ನದೇ ಹೆಜ್ಜೆ. ಈಗ ಅಮ್ಮನನ್ನು ರಂಗೋಲಿ ಪುಡಿ ಚೆಲ್ಲಿದ ನೆಲದ ಮೇಲೆ ನಡೆಸಿ ಅಳೆದೆ. ಸೀರೆ ಉಟ್ಟಾಗ ಒಂದೂಮುಕ್ಕಾಲು ಅಡಿ. 35 ಅಡಿ ದಾರಿಗೆ 20 ಕಲ್ಲು ಬೇಕು. ಗಟ್ಟಿ ಉಳಿದಿರುವುದು ಒಂಬತ್ತು. ಇನ್ನೂ 11 ಹೊಯ್ಯಬೇಕು! ಗರಸು ಬೇರೆ ಒಂದು ಟ್ರ್ಯಾಕ್ಟರ್‌ಗಿಂತ ಕಡಿಮೆ ಕೊಡಲ್ಲವಂತೆ. ಉಳಿದದ್ದನ್ನು ಏನು ಮಾಡಲಿ?

ದೇವನಹಳ್ಳಿ_ಚಪ್ಪಡಿ:
ಫೋಟೋ ಹಾಕಿದ್ದೇನೆ. ಬಲಗಡೆ ಕಾಣುವುದು ಹೊಸ ಕಾರಂಜಿ.

ಮರಳುಮಾತು:
ಗೇಟಿನ ಮುಂದೆ ಹರಡಿ. ಮಳೆಗಾಲದಲ್ಲಿ ಎರೆ ಚಪ್ಪಲಿಗೆ ಮೆತ್ತಿಕೊಂಡು ಒಳಗೆ ಬರುವುದು ತಪ್ಪುತ್ತದೆ. ಮತ್ತೆ ಆ ಪಿ ಸ್ಯಾಂಡ್ ಮುಟ್ಟಬೇಡಿ.