ಬಾಸೆಲ್ ಮಿಷನ್ ಸಭೆಯ ಹಳೆಯ ಪುಸ್ತಕಗಳಲ್ಲಿ ಮನೆತನದ ಮೂಲವನ್ನು ಹುಡುಕುವುದು ಹೇಗೆ?

ಕುಂಬಳೆಯವ
ಮಾನ್ಯರೇ, ನನ್ನ ಅಜ್ಜನ ಅಜ್ಜ ಕುಂಬಳೆ ಸೀಮೆಯ ಬಿಲ್ಲವ ಮನೆಯೊಂದರಿಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಸಭೆಗೆ ಸೇರಿ, ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದರೆಂದು ಹಿರಿಯರು ಹೇಳುತ್ತಿದ್ದರು. ಉಳಿದಿರುವ ಆಧಾರವೆಂದರೆ ಅವರ ಕನ್ನಡ ಬೈಬಲು ಮಾತ್ರ. ಅದರ ಮೊದಲ ಹಾಳೆಯಲ್ಲಿ, ಮಾಸಿದ ಶಾಯಿಯಲ್ಲಿ, 'ಯೋಸೇಫ' ಎಂದೂ ಅದರ ಮುಂದೆ 'ಪಡ್ಪು' ಎಂದೂ ಬರೆದಿದೆ. ನಮ್ಮ ಊರಿನ ಆಸುಪಾಸಿನ ಸಭೆಗಳಲ್ಲಿ ವಿಚಾರಿಸಿದೆ. ಪಡ್ಪು ಎಂಬ ಕುಲನಾಮದವರು ಯಾರೂ ಸಿಗಲಿಲ್ಲ. ಮುಂದೆ ಎಲ್ಲಿ ನೋಡಬೇಕು?

ಹಳೆಯ ಕಡತ
ಹುಡುಕಾಟವನ್ನು ಮಂಗಳೂರಿನಿಂದ ಆರಂಭಿಸಿ. ಮಿಷನ್ ಅಲ್ಲಿಗೆ ಬಂದದ್ದು 1834ರಲ್ಲಿ, ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಸಭೆಗೆ ಸೇರಿದವರಿಗೆ ಮೂರ್ತೆಯ, ಅಂದರೆ ಕಳ್ಳು ಇಳಿಸುವ, ಕಸುಬೂ ಗೇಣಿಯ ಭೂಮಿಯೂ ಕೈತಪ್ಪುತ್ತಿದ್ದುದರಿಂದ, ಕೆಲಸ ಸಿಕ್ಕಿದ ಊರಿಗೇ ಅವರ ಸಂಸಾರವೂ ಹೋಗುತ್ತಿತ್ತು. ಆದಕಾರಣ ದೀಕ್ಷಾಸ್ನಾನ ಒಂದು ಸಭೆಯ ಪುಸ್ತಕದಲ್ಲಿ, ಮದುವೆ ಇನ್ನೊಂದರಲ್ಲಿ, ಸಮಾಧಿ ಮೂರನೆಯದರಲ್ಲಿ ಇರುವುದು ಅಪರೂಪವಲ್ಲ. ಕಲ್ಲಿಕೋಟೆಯಲ್ಲಿಯೂ ಮಿಷನ್ನಿನ ಹೆಂಚಿನ ಕಾರ್ಖಾನೆ ಇತ್ತು. ಅತ್ತ ಹೋಗಿದ್ದರೆ ಮಲಯಾಳ ಓದಬಲ್ಲವರ ನೆರವು ಬೇಕಾದೀತು. ಸಭಾಪಾಲಕರಲ್ಲಿ ಪುಸ್ತಕ ಇಲ್ಲವಾದರೆ ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನ ದಾಖಲಾಗಾರದಲ್ಲಿ ಕೇಳಿ. ಮಿಷನರಿಗಳ ಪತ್ರ, ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿವೆ, ಆದರೆ ಹಳೆಯ ಜರ್ಮನ್ ಕೈಬರಹವನ್ನು ಓದುವುದು ಜರ್ಮನ್ ಬಲ್ಲವರಿಗೂ ಸುಲಭವಲ್ಲ. ಮದುವೆ 1872ರ ಕ್ರೈಸ್ತ ವಿವಾಹ ಕಾಯಿದೆಯ ನಂತರದ್ದಾದರೆ, ಅದರ ವಿವರ ಸರಕಾರಕ್ಕೂ ಹೋಗಿರಬೇಕು. ನಿಮ್ಮ ಕುಂಬಳೆ ಇರುವ ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿತ್ತಾದ್ದರಿಂದ ಅಂದಿನ ಸರಕಾರಿ ಕಾಗದಗಳನ್ನು ಕೇರಳದ ಕಚೇರಿಗಳಲ್ಲಿ ಮಾತ್ರ ಹುಡುಕಿ ಕೈಬಿಡಬೇಡಿ.

ಚಂದ್ರಗಿರಿ ತೀರ
ಪಡ್ಪು ಕುಲನಾಮವೆಂದು ನನಗೆ ತೋರುವುದಿಲ್ಲ. ತುಳುವಿನಲ್ಲಿ ಅದು ಬಯಲಿನ ಹೆಸರು. ಅಂತಹ ಜಾಗದ ಮನೆಗೂ ಅದೇ ಹೆಸರು ನಿಲ್ಲುತ್ತದೆ. ಇನ್ನೊಂದು ತೊಡಕಿದೆ. ಬಿಲ್ಲವರದು ಅಳಿಯಸಂತಾನ, ಬರಿಯೂ (ಕುಲದ ಹೆಸರು) ಆಸ್ತಿಯೂ ತಾಯಿಯ ಕಡೆಯಿಂದ ಬರುತ್ತಿದ್ದವು. ನಾನು ನೋಡಿದ ಪುಸ್ತಕದ ಅಂಕಣವಾದರೋ ತಂದೆಯ ಹೆಸರನ್ನೇ ಕೇಳುತ್ತಿತ್ತು. ನಾನು ಆ ಅಂಕಣವನ್ನು ನಂಬಿ, ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ತಿಳಿದು, ಎರಡು ವರ್ಷ ಬೇರೆಯವರ ವಂಶವೃಕ್ಷವನ್ನು ಬರೆದೆ! ಕೊನೆಗೆ ದಾರಿ ತೋರಿಸಿದ್ದು ಅಂಚಿನಲ್ಲಿ ಸಣ್ಣಕ್ಷರದಲ್ಲಿದ್ದ ತಾಯಿಯ ಊರು ಮತ್ತು ಸಾಕ್ಷಿ ನಿಂತವರ ಹೆಸರುಗಳು. ಯೋಸೇಫರು ಹಲವರಿದ್ದಾರು. ದೀಕ್ಷೆಗೆ ಮೊದಲಿನ ಹೆಸರನ್ನೂ ಬರೆದಿದ್ದರೆ ಅದನ್ನು ಮೊದಲು ನಕಲು ಮಾಡಿಕೊಳ್ಳಿ.

ಕುಂಬಳೆಯವ
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ತೊಂಬತ್ತು ದಾಟಿದ ನಮ್ಮ ಸೋದರತ್ತೆಯನ್ನು ಕೇಳಿದೆ. ಪಡ್ಪು ಎಂದೊಡನೆ, 'ಅದು ಹೆಸರಲ್ಲ ಮಗಾ, ಶಿರಿಯ ಹೊಳೆಯ ಆಚೆ ಅಜ್ಜನ ತಾಯಿಮನೆ' ಎಂದರು. ಈಗ ಆ ಮನೆಯಲ್ಲಿ ಇರುವವರು ಯಾರೆಂದು ವಿಚಾರಿಸುತ್ತಿದ್ದೇನೆ.