ಮಾವಾರ ಕುತ್ತಿಗಿ ತುರಿಕಿ ಹೋಗವಲ್ದು, ಮನಿ ಎಣ್ಣಿ ಹಚ್ಚಿದ್ರ ಇನ್ನಷ್ಟು ಆಕೈತಿ

ಲಕ್ಷ್ಮೇಶ್ವರದ ಸೊಸಿ:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಲಕ್ಷ್ಮೇಶ್ವರದ ಮಗ್ಗಲ ಸಣ್ಣ ಹಳ್ಳಿ. ಮಾವಾರಿಗೆ 61 ವರ್ಷ. ಎರಡು ವರ್ಷಾತು, ಮುಂಗಾರಿ ಮಳಿ ಆಗಿ ತಿಂಗಳು ಕಳೀತಂದ್ರ ಅವರಿಗೆ ತುರಿಕಿ ಚಾಲೂ ಆಕೈತಿ. ಕುತ್ತಿಗಿ, ಕಿವಿ ಹಿಂದ, ಕಣ್ಣಿನ ರೆಪ್ಪಿ, ಮೊಣಕೈ ಮಡಚೋ ಜಾಗ. ಅಂಗಿ ಒಳಗಿನ ಮೈ ಸ್ವಚ್ಛ ಐತಿ, ಒಂದು ಗುಳ್ಳಿ ಇಲ್ಲ. ಕುತ್ತಿಗಿ ಚರ್ಮ ಮಾತ್ರ ಕೆರದು ಕೆರದು ದಪ್ಪಾಗಿ ಹಳೇ ಚಪ್ಪಲಿ ಅಟ್ಟಿಯಂಗ ಆಗೇತಿ. ರಾತ್ರಿ ಅತ್ತಿಯಾರ ಹಣಗಿ ತಗೊಂಡು ಕೆರಕೊಂತಾರ.

ದವಾಖಾನಿಗೆ ಹೋಗೂಣು ಅಂದ್ರ "ತುರಿಕಿಗೆ ಯಾರರ ರೊಕ್ಕ ಸುರೀತಾರೇನು" ಅಂತಾರ. ಹಿಂಗಾಗಿ ಮನ್ಯಾಗ ನಾನ ವೈದ್ಯಳಾಗೇನಿ. ಏನೇನು ಮಾಡೇನಿ ಹೇಳ್ತೀನಿ, ತಪ್ಪು ಎಲ್ಲಿ ಆಗೇತಿ ನೀವ ಹೇಳ್ರಿ.

ಮೊದಲು ಬೇವು. ಅಂಗಡ್ಯಾಗಿನ ಬೇವಿನ ಬೀಜದ ಎಣ್ಣಿ ತಂದಿದ್ದೆ, ಅದರ ವಾಸನಿಗೆ ಮಾವಾರು ಪಡಸಾಲಿ ಬಿಟ್ಟು ಕಟ್ಟಿ ಮ್ಯಾಲೆ ಹೋಗಿ ಮಲಗಿದ್ರು. ಅದನ್ನ ಬಿಟ್ಟು ಹಿತ್ತಲದ ಬೇವಿನ ಎಲಿ ಎರಡು ಬೊಗಸಿ ತೊಳದು, ಕಾಲು ಲೀಟರ್ ಕೊಬ್ರಿ ಎಣ್ಣ್ಯಾಗ ಹಾಕಿ ಕುದಿಸಿದೆ. ಚಟಪಟ ಸಿಡದು ನನ್ನ ಮುಂಗೈ ಸುಟ್ಟಿತು. ಸೋಸಿ ಬಾಟಲಿಗೆ ತುಂಬಿದ್ರ ಹತ್ತು ದಿನಕ್ಕ ತಳದಾಗ ಕಪ್ಪು ರಾಡಿ, ಮ್ಯಾಲೆ ಮುಗ್ಗು ವಾಸನಿ.

ಆಮ್ಯಾಲೆ ಲೋಳಸರ. ಎಲಿ ಮುರದು ಹಂಗ ಕುತ್ತಿಗಿಗೆ ತಿಕ್ಕಿದೆ. ಸ್ವಲ್ಪ ಹೊತ್ತಿಗೆ ಉರಿ ಉರಿ ಅಂತ ಬಚ್ಚಲಕ್ಕ ಓಡಿದ್ರು.

ಮೂರನೇದು ಹೇಳಾಕ ನಾಚಿಕಿ ಆಕೈತಿ. ಹೊರದೇಶದಾಗ ತುರಿಕಿಗೆ ಮ್ಯಾರಿಗೋಲ್ಡ್ ಹೂವಿನ ಎಣ್ಣಿ ಭಾಳ ಹೆಸರಾದದ್ದು ಅಂತ ಫೋನಿನ್ಯಾಗ ಓದಿದೆ. ನಮಗ ಹೂವಿಗೇನು ಬರ? ಎರಡು ಎಕರೆ ಸೇವಂತಿಗಿ ಐತಿ, ಒಡ್ಡಿಗುಂಟ ಚೆಂಡು ಹೂ. ದೀಪಾವಳಿಗೆ ಹುಬ್ಬಳ್ಳಿಗೆ ಕಳಿಸಿ ಉಳದ ಚೆಂಡು ಹೂವಿನ ಎಸಳು ಬಿಡಿಸಿ, ನೆರಳಾಗ ಒಣಗಿಸಿ, ಅರ್ಧ ಲೀಟರ್ ಎಣ್ಣ್ಯಾಗ ಮೂರು ವಾರ ನೆನಸಿಟ್ಟು, ಜೇನುಮೇಣ ಕರಗಿಸಿ ಹಾಕಿ ಮುಲಾಮು ಮಾಡಿದೆ. ಬಣ್ಣ ನೋಡಿದ್ರ ಬಂಗಾರ! ಹಚ್ಚಿದ ಮೂರನೇ ದಿನಕ್ಕ ಮಾವಾರ ಕಣ್ಣು ತೆರಿಯಾಕ ಬರಲಾರದಂಗ ಬಾತುವು. ಈಗ ಅತ್ತಿಯಾರು ನನ್ನ ಕೂಡ ಮಾತಾಡವಲ್ರು.

ಎಣ್ಣಿ ಕಾಸೂದು ತಪ್ಪಾತೋ, ಹೂವು ತಪ್ಪಾತೋ?

ದುರ್ಗದಬೈಲ್ ಕಾಕಾ:

ಹೂವು ಪಾವು ಎಲ್ಲಾ ಬಿಡು ತಂಗಿ. ಲಿಂಬಿಹಣ್ಣಿನ ರಸದಾಗ ಅರಿಷಿಣ ಕಲಸಿ ಹಚ್ಚಿ, ಒಂದು ತಾಸು ಬಿಸಲಾಗ ಕೂಡಸು. ನಮ್ಮವ್ವ ಇದನ್ನ ಮಾಡತಿದ್ದಳು. ಎರಡ ದಿನಕ್ಕ ಆರಾಮ.

ಬ್ಯಾಡಗಿ ಮೆಣಸಿನಕಾಯಿ ಕೈ:

ಕಾಕಾರ, ಸಿಟ್ಟಾಗಬ್ಯಾಡ್ರಿ, ಲಿಂಬಿಹಣ್ಣು ಹಚ್ಚಿ ಬಿಸಲಿಗೆ ಮಾತ್ರ ಕುಂದ್ರಬಾರದ್ರಿ. ಹ್ವಾದ ಬ್ಯಾಸಗ್ಯಾಗ ಮದುವಿ ಮನ್ಯಾಗ ಶರಬತ್ತಿಗೆ ನೂರು ಲಿಂಬಿಹಣ್ಣು ಹಿಂಡಿ, ಕೈ ಸರಿಯಾಗಿ ತೊಳೀದ ಹಂದರದ ಹೊರಗ ಬಿಸಲಾಗ ಕುಂತಿದ್ದೆ. ಎರಡನೇ ದಿನ ಸುಟ್ಟಂಗ ಬೊಬ್ಬಿ ಎದ್ದುವು, ಅದರ ಕಪ್ಪು ಕಲಿ ದೀಪಾವಳಿ ತನಕ ಇತ್ತು. ಲಿಂಬಿ ರಸಕ್ಕ ಬಿಸಲು ಕೂಡಿದ್ರ ಚರ್ಮ ಸುಡತೈತಿ ಅಂತ ಆಮ್ಯಾಲೆ ಗೊತ್ತಾತು.

ಅಕ್ಕಾರ, ನಾ ಮೆಣಸಿನಕಾಯಿ ತುಂಬು ಬಿಡಸೂ ಕೆಲಸಕ್ಕ ಹೋಗಾಕಿ. ನಮ್ಮ ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣ ಜಾಸ್ತಿ ಅಂತಾರ ಖರೆ, ದಿನಾ ಎಂಟು ತಾಸು ಬಿಡಸಿದ್ರ ಅದೂ ಬಿಡೂದಿಲ್ಲ. ಹೊಸಾಗಿ ಬಂದ ಹುಡಿಗ್ಯಾರು ಕೈ ಉರೀತೈತಿ ಅಂತ ನೀರು ಹಾಕ್ಕೊಂಡು ಅಳತಾರ. ಖಾರ ನೀರಾಗ ಕರಗೂದಿಲ್ರಿ, ಎಣ್ಣ್ಯಾಗ ಕರಗತೈತಿ. ನಾವು ಮೊದಲು ಶೇಂಗಾ ಎಣ್ಣಿ ತಿಕ್ಕಿ, ಅರಿವ್ಯಾಗ ಒರಸಿ, ಆಮ್ಯಾಲೆ ಸಾಬೂನು ಹಚ್ಚತೀವಿ. ಮೈಗೆ ಹತ್ತಿದ್ದು ಏನಂತ ತಿಳದ್ರ ಅದಕ್ಕ ತಕ್ಕ ಔಷಧ ಮಾಡಾಕ ಬರತೈತಿ. ನಿಮ್ಮ ಮಾವಾರು ದಿನಾ ಹೊಲದಾಗ ಏನೇನು ಮುಟ್ಟತಾರ, ಅದನ್ನ ಬರೀರಿ.

ಹಾವೇರಿ ಔಷಧಂಗಡಿ:

ಒಂದು ಕೇಳ್ತೀನಿ. ಮನ್ಯಾಗ ಬ್ಯಾರೆ ಯಾರಿಗರ ರಾತ್ರಿ ತುರಿಕಿ ಐತೇನ್ರಿ? ಬಟ್ಟು ಸಂದಿಯಾಗ, ಸೊಂಟದ ಸುತ್ತ ಗುಳ್ಳಿ? ಇದ್ರ ಅದು ಕಜ್ಜಿ ಹುಳ. ಮನಿಮಂದೆಲ್ಲಾ ಒಂದ ದಿನ ಔಷಧ ಹಚ್ಚಬೇಕಾಕೈತಿ, ಬೇವಿಗೆ ಬಗ್ಗೂದಿಲ್ಲ. ಇನ್ನ ದುಂಡಗ ಉಂಗುರದಂಗ ಇದ್ರ ಹುಳಕಡ್ಡಿ. ಅಂಗಡಿಗೆ ಬಂದು "ಆ ಬಿಳೇ ಟ್ಯೂಬ್ ಕೊಡ್ರಿ, ಮ್ಯಾಲಿನ ಓಣಿಯಾಂವಗ ಆರಾಮ ಆತು" ಅನ್ನೋರು ದಿನಾ ನಾಕು ಮಂದಿ. ಸ್ಟಿರಾಯ್ಡ್ ಕೂಡಿದ ಟ್ಯೂಬ್ ಹಚ್ಚಿದ್ರ ಹುಳಕಡ್ಡಿ ನಾಕು ದಿನ ಅಡಗಿ ಕುಂತು, ಆಮ್ಯಾಲೆ ಅಂಗೈ ಅಗಲ ಹಬ್ಬತೈತಿ.

ಲಕ್ಷ್ಮೇಶ್ವರದ ಸೊಸಿ:

ಇಲ್ರಿ ಅಣ್ಣಾರ, ಅವರೊಬ್ಬರಿಗೆ ಅಷ್ಟ. ಉಂಗುರನೂ ಇಲ್ಲ. ಹೊಲದಾಗ ಅಂದ್ರ ಮಾವಾರು ಕಸ ಕೀಳತಾರ, ಹೂ ಬಿಡಸತಾರ, ಹೂವಿನ ಚೀಲ ಹೆಗಲ ಮ್ಯಾಲೆ ಹೊತ್ತು ರಸ್ತಾ ತನಕ ತರತಾರ.

ಧಾರವಾಡದ ಹಳೇ ಮಾಸ್ತರ:

ನಿಮ್ಮ ಒಡ್ಡಿನ ಮ್ಯಾಲೆ ಕಾಂಗ್ರೆಸ್ ಕಸ ಅದನೋ ಇಲ್ಲೋ ಅಂತ ನಾ ಕೇಳೂದಿಲ್ಲ. ಇದ್ದs ಇರ್ತದ. ಎಲ್ಲೆ ಇಲ್ಲ ಅದು?

ನಿಮ್ಮ ಪ್ರಶ್ನೆ ಓದಿ ನನ್ನ ಕಥಿನ ಯಾರೋ ಬರದಾರ ಅನ್ನಿಸ್ತು. ಅಂಗಿ ಮುಚ್ಚಿದಲ್ಲೆ ಏನೂ ಇಲ್ಲ, ಗಾಳಿ ಬಡಿಯೋ ಜಾಗಾದಾಗೆಲ್ಲ ತುರಿಕಿ, ಅದೂ ರೆಪ್ಪಿ ಮ್ಯಾಲೆ. ನಾ ನಿವೃತ್ತಿ ಆಗಿ ಮನಿ ಸುತ್ತಲಿನ ಕಸ ಕೀಳೋ ಹುಚ್ಚು ಹಚ್ಚಿಕೊಂಡೆ. ಮೊದಲನೇ ವರ್ಷ ಏನೂ ಆಗಲಿಲ್ಲ, ಬರೇ ಕೈಲೆ ಕಿತ್ತೆ. ಎರಡನೇ ಮಳಿಗಾಲಕ್ಕ ಮಾರಿ ಬಾತು ನಮ್ಮ ಮೊಮ್ಮಗಳು ಗುರ್ತು ಹಿಡೀಲಿಲ್ಲ. ಈ ಅಲರ್ಜಿ ಹಂಗs. ಮೈ ಮೊದಲ ಸುಮ್ಮನ ಇರ್ತದ, ಒಮ್ಮೆ ತಿರುಗಿ ಬಿತ್ತಂದ್ರ ಆಮ್ಯಾಲೆ ಒಂದಿಷ್ಟು ಧೂಳು ತಾಗಿದ್ರೂ ತಡಕೊಳ್ಳೂದಿಲ್ಲ.

ಈ ಕಸ ನಮ್ಮದಲ್ಲ, ಅಮೆರಿಕಾ ಖಂಡದ್ದು. ನಮ್ಮ ದೇಶದಾಗ 1955ರ ಸುಮಾರಿಗೆ ಪುಣೆಯೊಳಗ ಜನರ ಕಣ್ಣಿಗೆ ಬಿತ್ತು, ಆಮ್ಯಾಲೆ ರೈಲು, ಲಾರಿ, ಧಾನ್ಯದ ಚೀಲ ಹಿಡಕೊಂಡು ಎಲ್ಲಾ ಕಡೆ ಹಬ್ಬಿತು. ಇದರ ಎಲಿ, ಹೂವು, ಕಾಂಡದ ಮ್ಯಾಲಿನ ಸಣ್ಣ ಕೂದಲದೊಳಗ ಪಾರ್ಥೆನಿನ್ ಅನ್ನೋ ವಸ್ತು ಅದ. ಗಿಡ ಒಣಗಿ ಪುಡಿ ಆಗಿ ಹಾರಿದ್ರೂ ಅದು ತನ್ನ ಗುಣ ಬಿಡೂದಿಲ್ಲ. ಮೆಕ್ಸಿಕೋದಿಂದ 1980ರ ದಶಕದಾಗ ಒಂದು ದುಂಬಿ ತಂದು ಬಿಟ್ಟಾರ, ಅದು ಮಳಿಗಾಲದಾಗ ಇದರ ಎಲಿ ತಿಂದು ಜರಡಿ ಮಾಡ್ತದ. ನಮ್ಮ ಓಣ್ಯಾಗೂ ಕಂಡೀನಿ. ಆದರ ಅದು ತಿನ್ನೋದರೊಳಗ ಇದು ಹೂ ಬಿಟ್ಟಿರ್ತದ.

ಚರ್ಮದ ಡಾಕ್ಟರು ನನ್ನ ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿದ್ರು. 48 ತಾಸು ಬೆನ್ನಿಗೆ ನೀರು ಹಾಕಬಾರದು. ತಗದು ನೋಡಿದ್ರ ಎರಡು ಜಾಗಾ ಕೆಂಪಗ ಎದ್ದಿತ್ತು. ಒಂದು ಕಾಂಗ್ರೆಸ್ ಕಸ, ಇನ್ನೊಂದು ಸೇವಂತಿಗಿ! ಎರಡೂ ಒಂದs ಕುಟುಂಬದವು ತಂಗಿ. ಚೆಂಡು ಹೂ, ಸೂರ್ಯಕಾಂತಿ, ಕುಸುಬಿ, ಗುರೆಳ್ಳು, ತಲಿಗೆ ಹಚ್ಚೋ ಗರಗದ ಸೊಪ್ಪು, ಎಲ್ಲಾ ಅಣ್ಣ-ತಮ್ಮಂದಿರು. ಒಬ್ಬ ಆಗದವಗ ಇನ್ನೊಬ್ಬನೂ ಆಗದs ಇರಬಹುದು. (ಅಡಗಿ ಎಣ್ಣಿ ಮಾತು ಬ್ಯಾರೆ. ನಾ ಇವತ್ತಿಗೂ ಕುಸುಬಿ ಎಣ್ಣಿ ಒಗ್ಗರಣಿ ಉಣ್ತೀನಿ, ಏನೂ ಆಗಿಲ್ಲ.)

ಇನ್ನ ನಿಮ್ಮ ಬಂಗಾರದ ಮುಲಾಮು. ನೀವು ಓದಿದ್ದು ಕ್ಯಾಲೆಂಡುಲಾ ಹೂವಿನ ಎಣ್ಣಿ ಬಗ್ಗೆ ಇರಬೇಕು. ಇಂಗ್ಲಿಷಿನ್ಯಾಗ ಅದಕ್ಕೂ ಮ್ಯಾರಿಗೋಲ್ಡ್, ನಮ್ಮ ಚೆಂಡು ಹೂವಿಗೂ ಮ್ಯಾರಿಗೋಲ್ಡ್. ಗಿಡ ಬ್ಯಾರೆ ಬ್ಯಾರೆ. ಹಂಗಂತ ಕ್ಯಾಲೆಂಡುಲಾ ತರಿಸಿ ಹಚ್ಚಿದ್ರೂ ನಿಮ್ಮ ಮಾವನೋರಿಗೆ ಪಾಡಾಗತಿತ್ತು ಅಂತಲ್ಲ, ಅದೂ ಆ ಮನಿತನದ್ದs.

ರೆಪ್ಪಿ ಬಾತಾವಂದ್ರ ನಾಳೆನs ಡಾಕ್ಟರಿಗೆ ತೋರಸ್ರಿ. ಅಲ್ಲೀತನಕ ತಣ್ಣೀರಿನ ಅರಿವಿ, ಬರೇ ಕೊಬ್ರಿ ಎಣ್ಣಿ. ಸಾಬೂನಿನ ಬದಲಿ ಹೆಸರಹಿಟ್ಟು. ಸುಡು ಸುಡು ನೀರು ಬ್ಯಾಡ, ಹಚ್ಚಿಕೊಂಡಾಗ ಹಿತ ಅನಿಸ್ತದ, ಮೈ ಒಣಗಿಸಿ ಮತ್ತಷ್ಟು ಕೆರಸ್ತದ. ಜಳಕ ಆಗಿ ಮೈ ಹಸಿ ಇದ್ದಾಗs ಎಣ್ಣಿ ಸವರಬೇಕು. ಮಳಿ ಆಗಿ ನೆಲ ಸಡಲ ಇದ್ದಾಗ, ಹೂ ಬಿಡೂಕಿಂತ ಮುಂಚೆ, ಬ್ಯಾರೆಯವರು ಕೈಗವಸ ಹಾಕ್ಕೊಂಡು ಕಸ ಕೀಳಬೇಕು. ಸುಡಬ್ಯಾಡ್ರಿ. ಹೊಲದ ಅರಿವಿ, ಹೆಗಲಿನ ಟಾವೆಲ್ ಬ್ಯಾರೆ ಒಗೀರಿ.

ಎಣ್ಣಿ ಕಾಸೋದು ಕೇಳಿದ್ರಲ್ಲ, ಅದನ್ನೂ ಹೇಳ್ತೀನಿ, ಮುಂದ ಮಕ್ಕಳ ಒಣ ಚರ್ಮಕ್ಕ ಬರ್ತದ. ಎಲಿ ತೊಳದು ಗರಿಗರಿ ಆಗೋತನಕ ನೆರಳಾಗ ಒಣಗಸ್ರಿ. ನೀರಿನ ಅಂಶ ಉಳದ್ರs ಸಿಡಿಯೂದು, ಅದs ಆಮ್ಯಾಲೆ ಮುಗ್ಗಸೂದು. ಎಣ್ಣಿ ಬೋಗಾಣಿ ಒಲಿ ಮ್ಯಾಲೆ ನೇರ ಇಡದs, ಬಿಸಿನೀರಿನ ಪಾತೇಲಿಯೊಳಗ ಕೂಡಿಸಿ ಸಣ್ಣ ಉರಿ ಮ್ಯಾಲೆ ಒಂದು ತಾಸು. ಮಲ್ಮಲ್ ಬಟ್ಟಿಯೊಳಗ ಸೋಸಿ, 100 ಗ್ರಾಂ ಎಣ್ಣಿಗೆ 20 ಗ್ರಾಂ ಜೇನುಮೇಣ. ಕೊಬ್ರಿ ಎಣ್ಣಿ 25 ಡಿಗ್ರಿಗೆಲ್ಲ ಕರಗ್ತದ, ಅದಕ್ಕ ನಮ್ಮ ಬ್ಯಾಸಗಿಗೆ ಮೇಣ ಒಂದೀಟು ಜಾಸ್ತಿ ಹಾಕ್ರಿ. ಲೋಳಸರ ಕೊಯ್ದು ಕಾಲು ತಾಸು ನೆಟ್ಟಗ ನಿಲ್ಲಿಸಿದ್ರ ಹಳದಿ ರಸ ಇಳದು ಹೋಗ್ತದ, ಉರಿ ಮಾಡಿದ್ದು ಅದs. ತೊಳದು, ಸಿಪ್ಪಿ ತಗದು, ಒಳಗಿನ ತಿಳಿ ಲೋಳಿ ಅಷ್ಟs ಅವತ್ತಿಗೆ ಅವತ್ತು ಹಚ್ಚಬೇಕು. ಯಾವುದೇ ಇರಲಿ, ಮೊದಲ ಮುಂಗೈ ಒಳಮಗ್ಗಲಿಗೆ ಒಂದು ವಾರ ಹಚ್ಚಿ ನೋಡ್ರಿ. ಬೇವಿನ ಬೀಜದ ಎಣ್ಣಿ ಉಳದಿದ್ರ ಮಕ್ಕಳ ಕೈಗೆ ಸಿಗದಂಗ ಇಡ್ರಿ, ಹೊಟ್ಟಿಗೆ ಹೋದ್ರ ಕೂಸುಗಳ ಜೀವಕ್ಕ ಕುತ್ತು.

ದುರ್ಗದಬೈಲ್ ಕಾಕಾ:

ಮಾಸ್ತರ, ನಮ್ಮವ್ವ ಬಿಸಲಾಗ ಅಲ್ಲ, ನೆರಳಾಗ ಕೂಡಸತಿದ್ದಳೋ ಏನೋ. ಈಗ ಅನುಮಾನ ಬಂತು.

ಲಕ್ಷ್ಮೇಶ್ವರದ ಸೊಸಿ:

ಮೂರು ವಾರ ಆತು, ಬರೀಬೇಕಂದ್ರ ಕೈ ಖಾಲಿ ಇರಲಿಲ್ಲ. ಕಣ್ಣು ಮುಚ್ಚಿದ್ದಕ್ಕ ಮಾವಾರು ಹೆದರಿ ಗದಗಕ್ಕ ಬಂದ್ರು. ಡಾಕ್ಟರು ಕುತ್ತಿಗಿ ನೋಡಿದ ಕೂಡಲೇ "ಹೊಲದಾಗ ಕಾಂಗ್ರೆಸ್ ಐತೇನ ಯಜಮಾನ್ರ" ಅಂದ್ರು. ಮಾವಾರು ಪಕ್ಷ ಅಂತ ತಿಳಕೊಂಡು "ನಾ ಯಾರ ಪೈಕಿನೂ ಅಲ್ರಿ" ಅಂದ್ರು. ಎರಡು ವಾರಕ್ಕ ಮುಲಾಮು, ರೆಪ್ಪಿಗೆ ಬ್ಯಾರೆ, ಅದೂ ಐದ ದಿನ. ಬಾವು ಇಳದೈತಿ, ಕುತ್ತಿಗಿ ಇನ್ನೂ ಒರಟ ಐತಿ.

ಸೇವಂತಿಗಿ ತಗೀರಿ ಅಂದ್ರ ಒಪ್ಪವಲ್ರು, "ಸಾಲ ಯಾರು ತೀರಸ್ತಾರ" ಅಂತಾರ. ಅದೂ ಖರೆ ಐತಿ. ಈಗ ಕಸ, ಹೂವು ನಾನೂ ನಮ್ಮನಿಯವರೂ ನೋಡತೀವಿ, ಮಾವಾರು ಚೀಲ ಹೊರೂದಿಲ್ಲ, ಮಾರ್ಕೆಟ್ಟಿನ ಲೆಕ್ಕ ಬರಕೊಂತಾರ.

ಮಾಸ್ತರ, ಆ ಅರ್ಧ ಲೀಟರ್ ಚೆಂಡು ಹೂವಿನ ಮುಲಾಮು ಚೆಲ್ಲಾಕ ಮನಸಾಗಲಿಲ್ಲ. ಹಿತ್ತಲ ಬಾಗಲದ ಬಿಜಾಗರಿಗೆ ಹಚ್ಚೇನಿ, ಕಿರ್ ಅನ್ನೂದು ನಿಂತೈತಿ. ಅತ್ತಿಯಾರು ಮಾತಾಡಾಕ ಹತ್ತ್ಯಾರ, ಸದ್ಯಕ್ಕ ಬಾಗಲದ ಬಗ್ಗೆ ಮಾತ್ರ.