ಸಹಾಯ ಬೇಕು: ಪಿಕೆಎಂ-ಝೀಟಾ ಕಿಣ್ವ ಇಲ್ಲದ ಸುಂಡಿಲಿಗೂ ನೆನಪು ಉಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಕ್ಲಾಸಿನಲ್ಲಿ ಮೆದುಳಿನ ಕಿಣ್ವಗಳು ಮತ್ತು ನೆನಪಿನ ಬಗ್ಗೆ ನನ್ನ ಸೆಮಿನಾರ್ ಇದೆ. ಅರ್ಧಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಕ್ಯಾಮ್‌ಕೆ-2 ಭಾಗ ಪರವಾಗಿಲ್ಲ, ಅರ್ಥವಾಗಿದೆ. ನರಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದಾಗ ಈ ಕಿಣ್ವ ಚಾಲೂ ಆಗುತ್ತದೆ. ಇದರಲ್ಲಿ ಸಾಮಾನ್ಯವಾಗಿ 12 ತುಣುಕುಗಳಿರುತ್ತವೆ. ಅಕ್ಕಪಕ್ಕದ ತುಣುಕಿಗೆ ಫಾಸ್ಫೇಟ್ ಅಂಟಿಸುತ್ತಾ ಹೋಗುವುದರಿಂದ, ಕ್ಯಾಲ್ಸಿಯಂ ಇಳಿದ ಮೇಲೂ ಸ್ವಲ್ಪ ಹೊತ್ತು ಕೆಲಸ ನಡೆಯುತ್ತದೆ. 1992ರಲ್ಲಿ ಇದರ ಆಲ್ಫಾ ರೂಪ ಇಲ್ಲದ ಸುಂಡಿಲಿಗಳನ್ನು ನೀರಿನ ತೊಟ್ಟಿಗೆ ಬಿಟ್ಟರು. ನೀರಿನಡಿ ಅಡಗಿದ ಕಟ್ಟೆ ಎಲ್ಲಿದೆ ಎಂದು ಕಲಿಯಲು ಅವು ಪರದಾಡಿದವು.

ತಲೆ ಕೆಟ್ಟಿರುವುದು ಪಿಕೆಎಂ-ಝೀಟಾ ವಿಷಯದಲ್ಲಿ. 2006ರಲ್ಲಿ ಇಲಿಗಳ ಹಿಪೊಕ್ಯಾಂಪಸ್‌ಗೆ (ನೆನಪಿಗೆ ಮುಖ್ಯವಾದ ಮೆದುಳಿನ ಭಾಗ), ಈ ಕಿಣ್ವವನ್ನು ತಡೆಯಲೆಂದು ಝಿಪ್ ಎಂಬ ತಡೆವಸ್ತು ಚುಚ್ಚಿದಾಗ, ಕಲಿತು ಗಟ್ಟಿಯಾಗಿದ್ದ ನೆನಪೇ ಅಳಿಸಿಹೋಯಿತು. ಸರಿ, ನೆನಪನ್ನು ಹಿಡಿದಿಡುವ ಕಿಣ್ವ ಸಿಕ್ಕಿತು ಅಂದುಕೊಂಡೆ. ಆದರೆ 2013ರಲ್ಲಿ ಆ ಕಿಣ್ವದ ಜೀನನ್ನೇ ತೆಗೆದ ಸುಂಡಿಲಿಗಳು ಆರಾಮಾಗಿ ಕಲಿತವು! ಅವುಗಳ ಮೇಲೂ ಝಿಪ್ ಕೆಲಸ ಮಾಡಿತು. ಕಿಣ್ವವೇ ಇಲ್ಲದಿದ್ದರೆ ಝಿಪ್ ಹಿಡಿದದ್ದು ಯಾರನ್ನು? ಇದನ್ನು ಓದಿ ಒಂದು ರಾತ್ರಿ ಸುಮ್ನೆ ಗೋಡೆ ನೋಡುತ್ತಾ ಕೂತಿದ್ದೆ.

ಪಿಕೆಎಂ-ಝೀಟಾದ ಹತ್ತಿರದ ಸಂಬಂಧಿ ಕಿಣ್ವ, ಪಿಕೆಸಿ ಅಯೋಟಾ-ಲ್ಯಾಂಬ್ಡಾ, ಅದರ ಜಾಗ ತುಂಬುತ್ತದೆ ಎಂಬ ವಾದ ಓದಿದ್ದೇನೆ. ಹುಟ್ಟಿನಿಂದಲೇ ಜೀನ್ ಇಲ್ಲದಿದ್ದರೆ ಮೆದುಳು ಬೇರೆ ದಾರಿ ಹುಡುಕಿಕೊಳ್ಳಬಹುದು, ಅಲ್ವಾ? ನನಗೆ ಇದೇ ಜಾಸ್ತಿ ಒಪ್ಪಿಗೆಯಾಗುತ್ತಿದೆ. ಈ ವಿಷಯ ಬಲ್ಲವರು ಯಾರಾದರೂ ಸರಳವಾಗಿ ಬಿಡಿಸಿ ಹೇಳುತ್ತೀರಾ? ಬೋರ್ಡಿನ ಮೇಲೆ ಬರೆಯಬಹುದಾದ ಒಂದು ಚಿತ್ರ ಸಿಕ್ಕರೂ ಸಾಕು. ಗುರುವಾರದೊಳಗೆ ಬೇಕಿತ್ತು.